ಮಗಳಿಗೊಂದು ಪತ್ರ: ನಿಮ್ಮ ಐಯೋವಾದ ಮೆಕ್ಕೆಜೋಳದ ರಾಜಕೀಯ

ಪುಟ್ಟಿ,

ನೀನು ಅಮೆರಿಕದ ಐಯೋವಾ ರಾಜ್ಯದ ಏಮ್ಸ್ ಊರಿಗೆ ಓದಲು ಹೋದ ಮೇಲೆ ಆ ರಾಜ್ಯದ ಹೆಸರು ಎಲ್ಲಿ ಕಂಡರೂ ನೋಡದೆ ಬಿಡೋದಿಲ್ಲ ನಾನು. ಹಾಗೇ ಸಿಕ್ಕಿದ್ದು ಅಮೆರಿಕದ ಅಧ್ಯಕ್ಷರ ಕಚೇರಿಯ ಕಥೆ ಹೇಳುವ ‘ದಿ ವೆಸ್ಟ್ ವಿಂಗ್’ ಧಾರಾವಾಹಿಯ ‘ಕಿಂಗ್ ಕಾರ್ನ್’ ಎಪಿಸೋಡ್. 2005ರ ಜನವರಿಯಲ್ಲಿ ಬಂದದ್ದು, ಆರನೇ ಸೀಸನ್. ಹಿಂದಿನದು ನೋಡದಿದ್ದರೂ ಅರ್ಥ ಆಗುತ್ತೆ.

ಅಮೆರಿಕದ ಅಧ್ಯಕ್ಷರಾಗಬೇಕು ಅಂತ ಹೊರಟವರು ಮೊದಲು ನಿಮ್ಮೂರ ಕಡೆ ಬರಬೇಕಿತ್ತು. 1972ರಿಂದ ಬಹಳ ವರ್ಷ ಐಯೋವಾದ ಕಾಕಸ್‌ನಿಂದಲೇ, ಅಂದರೆ ತಮ್ಮ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಜನ ಸೇರಿ ಹೇಳುವ ಸಭೆಗಳಿಂದಲೇ, ಚುನಾವಣೆ ಶುರುವಾಗುತ್ತಿದ್ದದ್ದು. ಅಲ್ಲಿ ಮೆಕ್ಕೆಜೋಳ ಬೆಳೆಯೋರ ಮುಂದೆ ನಿಂತು, ಅದರಿಂದ ಮಾಡಿ ಪೆಟ್ರೋಲ್‌ಗೆ ಬೆರೆಸುವ ಎಥನಾಲ್‌ಗೆ, ಅದರ ಸರ್ಕಾರಿ ಸಬ್ಸಿಡಿಗೆ ನನ್ನ ಬೆಂಬಲ ಇದೆ ಅಂತ ಮಾತು ಕೊಡಬೇಕಿತ್ತು. ಎಪಿಸೋಡ್‌ನಲ್ಲಿ ಅಂಥ ಒಂದೇ ದಿನದ ಕಥೆಯನ್ನು ಮೂರು ಅಭ್ಯರ್ಥಿಗಳ ಕಡೆಯಿಂದ ಮೂರು ಸಲ ಹೇಳುತ್ತಾರೆ. ರಸೆಲ್, ಸ್ಯಾಂಟೋಸ್ ಇಬ್ಬರೂ ಡೆಮಾಕ್ರಟಿಕ್ ಪಕ್ಷದವರು. ರಸೆಲ್ ಹಿಂದೆಮುಂದೆ ನೋಡದೆ ಮಾತು ಕೊಡುತ್ತಾನೆ, ಅವನನ್ನು ಬಿಡು. ಸ್ಯಾಂಟೋಸ್‌ಗೆ ಅದು ತಪ್ಪು ಅಂತ ಗೊತ್ತು, ಆದರೆ ಅವನ ಪ್ರಚಾರ ನಡೆಸುವ ಜಾಶ್ ಬಿಡೋದಿಲ್ಲ, ಕೊನೆಗೆ ಅವನೂ ಒಪ್ಪುತ್ತಾನೆ. ಮೂರನೆಯವನು ವಿನಿಕ್, ಎದುರು ಪಕ್ಷವಾದ ರಿಪಬ್ಲಿಕನ್‌ನವನು. ಅದೇ ಜನರ ಮುಂದೆ ನಿಂತು ಈ ಸಬ್ಸಿಡಿ ಸರಿಯಿಲ್ಲ ಅಂತ ಹೇಳಿಬಿಡುತ್ತಾನೆ. ಅಲನ್ ಆಲ್ಡಾ ಆ ಪಾತ್ರ ಮಾಡಿದ್ದಾರೆ, ಎಷ್ಟು ಸಲೀಸಾಗಿ ಅಂತೀಯ!

ಸುಮ್ನೆ ಕಟ್ಟುಕಥೆ ಅಂದುಕೊಳ್ಳಬೇಡ. ನಿಜವಾದ ರಿಪಬ್ಲಿಕನ್ ನಾಯಕ ಜಾನ್ ಮೆಕೇನ್ ಕೂಡ ಈ ಸಬ್ಸಿಡಿ ಬೇಡ ಅಂತಿದ್ದರು. 2000ದಲ್ಲಿ ಅಧ್ಯಕ್ಷರಾಗಲು ಹೊರಟಾಗ ಐಯೋವಾದ ಗೊಡವೆಗೇ ಹೋಗದೆ, ಅದರ ನಂತರ ಮತ ಹಾಕುವ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಪ್ರಚಾರ ಮಾಡಿ ಅಲ್ಲಿ ಗೆದ್ದರು. ಜಾಣತನವೇ ಅದು, ಆದರೆ ಎದುರಿಗೇ ಹೋಗಿ ಹೇಳೋದು ಬೇರೆ, ಅಲ್ವಾ?

ನೋಡಿದವರೆಲ್ಲ ವಿನಿಕ್‌ನನ್ನು ಹೊಗಳುತ್ತಾರೆ. ನಿನ್ನಪ್ಪನೂ ಅಷ್ಟೇ. ನನಗೆ ಮಾತ್ರ ಸ್ಯಾಂಟೋಸ್‌ನ ಭಾಗವೇ ಜಾಸ್ತಿ ಹಿಡಿಸಿತು. ಅವನು ಕೆಟ್ಟವನಲ್ಲ, ದಡ್ಡನೂ ಅಲ್ಲ, ಅವನನ್ನು ಯಾರೂ ದುಡ್ಡು ಕೊಟ್ಟು ಕೊಂಡುಕೊಂಡಿಲ್ಲ. ಇದೊಂದು ಸಲ ಹೇಳಿಬಿಟ್ಟರೆ ಮುಂದೆ ಬೇಕಾದಷ್ಟು ಒಳ್ಳೆಯದು ಮಾಡಬಹುದು ಅಂತ ಹತ್ತಿರದವರೇ ಹೇಳುವಾಗ ಇಲ್ಲ ಅನ್ನೋದು ಕಷ್ಟ. ಅಂಥ ಒತ್ತಡ ಬರೋದು ಶತ್ರುಗಳಿಂದ ಅಲ್ಲ ಅನ್ನೋದನ್ನು ಇಷ್ಟು ಚೆನ್ನಾಗಿ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ. ಆಮೇಲೆ ಅವನಿಗೆ ಶಿಕ್ಷೆಯೂ ಆಗೋದಿಲ್ಲ. ಏಳನೇ ಸೀಸನ್‌ನಲ್ಲಿ ಅಧ್ಯಕ್ಷನಾಗೋದು ಅವನೇ!

ಒಂದು ತಕರಾರು ಇದೆ ನನಗೆ. ಇಡೀ ಕಥೆ ನಡೆಯೋದು ಅಭ್ಯರ್ಥಿಗಳ ಕಡೆಯಿಂದ. ಸಬ್ಸಿಡಿ ಹೋದರೆ ಆ ಬೆಳೆಗಾರರ ಗತಿ ಏನು ಅನ್ನೋದು ಬದಿಗೇ ಉಳಿಯುತ್ತೆ. ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳ ಬೆಳೆಯೋರನ್ನು ನೋಡಿಕೊಂಡು ಬಂದವಳು ನಾನು, ಅದಕ್ಕೇ ಚುಚ್ಚಿತು. ಈಗಂತೂ ಇಲ್ಲೂ ಮೆಕ್ಕೆಜೋಳ ಎಥನಾಲ್ ಕಾರ್ಖಾನೆಗೆ ಹೋಗುತ್ತೆ, ಬಂಕ್‌ನಲ್ಲಿ ಹಾಕಿಸೋ ಪೆಟ್ರೋಲ್‌ನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತೆ. ನಿನ್ನ ಜೊತೆ ಓದೋರಲ್ಲಿ ರೈತರ ಮನೆ ಮಕ್ಕಳು ಇದ್ದರೆ, ವಿನಿಕ್ ಹೇಳಿದ್ದು ಸರಿಯೇ ಅಂತ ಒಮ್ಮೆ ಕೇಳು. ನನಗೆ ಉತ್ತರ ಬೇಕು.

ಪರೀಕ್ಷೆ ಮುಗಿದ ಮೇಲೆ ಏಳನೇ ಸೀಸನ್ನೂ ನೋಡು. ಗೆದ್ದ ಸ್ಯಾಂಟೋಸ್, ಸೋತ ವಿನಿಕ್‌ನನ್ನೇ ಕರೆದು ವಿದೇಶಾಂಗ ಖಾತೆ ವಹಿಸಿಕೊಳ್ಳಿ ಅನ್ನುತ್ತಾನೆ, ಇವನು ಒಪ್ಪುತ್ತಾನೆ. ಒಪ್ಪಬಾರದಿತ್ತು ಅಂತ ನಿನ್ನಪ್ಪ, ಒಪ್ಪಿದ್ದೇ ಸರಿ ಅಂತ ನಾನು, ಊಟಕ್ಕೆ ಕೂತಾಗಲೂ ಇದೇ ವಾದ. ನೀನು ಯಾರ ಕಡೆ, ಬರಿ.

ನಿನ್ನ ಅಮ್ಮ