ಆ ನೋವನ್ನು ಇನ್ನೊಬ್ಬರಿಗೆ ತೋರಿಸು

ಶ್ರೀನಿವಾಸಪುರ

ಮಗಳೇ, ದೊಡ್ಡಮ್ಮನ ಆಶೀರ್ವಾದ.

ಪಿತ್ತಕೋಶ ತೆಗೆಸಿ ನಾಲ್ಕು ತಿಂಗಳಾದರೂ ಬಲಪಕ್ಕೆಯ ನೋವು ಬಿಟ್ಟಿಲ್ಲ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಡಾಕ್ಟ್ರು ಗ್ಯಾಸ್ ಅಂದಿದ್ದಾರೆ, ಮತ್ತೆ ಕೇಳಲು ಸಂಕೋಚ ಅಂತ ಸುಮ್ನೆ ಇದ್ದೀಯಂತೆ. ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಇದೇ ತಪ್ಪು ಮಾಡಿದ್ದೆ.

ಇನ್ನೊಬ್ಬರಿಗೆ ತೋರಿಸಿದರೆ ಆಪರೇಷನ್ ಮಾಡಿದವರು ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಆರು ತಿಂಗಳು ಕಷಾಯ ಕುಡಿದುಕೊಂಡೇ ಇದ್ದೆ. ಒಂದು ಬೆಳಗ್ಗೆ ಕಾಫಿ ಕೊಡುವಾಗ ನಿಮ್ಮ ದೊಡ್ಡಪ್ಪ ನನ್ನ ಮುಖ ನೋಡಿ, "ಕಣ್ಣೆಲ್ಲ ಹಳದಿ ಆಗಿದೆ ಕಣೇ" ಅಂದರು. ಅವತ್ತೇ ಬೆಂಗಳೂರಿಗೆ ಹೊರಟೆವು. ಪಿತ್ತನಾಳದಲ್ಲಿ ಒಂದು ಕಲ್ಲು ಉಳಿದುಬಿಟ್ಟಿತ್ತು. ಬಾಯಿಂದ ಟ್ಯೂಬ್ ಇಳಿಸಿ ತೆಗೆದರು, ಹೊಟ್ಟೆ ಕೊಯ್ಯಲೇ ಇಲ್ಲ.

ನಿನಗೂ ಕಲ್ಲೇ ಇದೆ ಅಂತಲ್ಲ. ಅಲ್ಸರ್ ಇರಬಹುದು. ಪಿತ್ತರಸ ಹೆಚ್ಚಾಗಿ ಕರುಳಿಗೆ ಇಳಿದು ಕೆಲವರಿಗೆ ಭೇದಿಯೂ ಆಗುತ್ತದೆ. ಒಂದೊಂದಕ್ಕೂ ಔಷಧಿ ಬೇರೆ. ಯಾವುದು ಅಂತ ಗೊತ್ತಾಗಬೇಕು ಅಲ್ವಾ? ಹೊಟ್ಟೆ, ಕರುಳು, ಲಿವರ್ ನೋಡುವ ಗ್ಯಾಸ್ಟ್ರೋಎಂಟರಾಲಜಿ ಡಾಕ್ಟ್ರಿಗೇ ತೋರಿಸು. ಖರ್ಚಿನ ಯೋಚನೆ ಇದ್ದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಸಂಸ್ಥೆ ಇದೆ. ಮೊದಲು ಲಿವರ್‌ನ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸುತ್ತಾರೆ. ಅನುಮಾನ ಉಳಿದರೆ ಎಂಆರ್‌ಸಿಪಿ ಅಂತ ಒಂದು ಬಗೆಯ ಎಂಆರ್‌ಐ ಸ್ಕ್ಯಾನ್ ಬರೆಯುತ್ತಾರೆ. ಅದರಲ್ಲಿ ಪಿತ್ತನಾಳ ಚೆನ್ನಾಗಿ ಕಾಣುತ್ತದೆ.

ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಆಪರೇಷನ್ ನೋಟ್ಸ್, ಬಯಾಪ್ಸಿ ರಿಪೋರ್ಟ್ ಕೂಡ ಇಸ್ಕೋ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮವೇ ಇದೆ. ಹೆದರಬೇಡ, ಅದು ಜಗಳವಲ್ಲ.

ನೋವು ಬಂದದ್ದನ್ನೂ ಬರೆದಿಡು. ನಾನು ಹಾಲಿನ ಡೈರಿ ಪಾಸ್‌ಬುಕ್ಕಿನ ಕೊನೇ ಪುಟದಲ್ಲಿ ಗೀಚಿದ್ದೆ: "ಮಂಗಳವಾರ ಮುದ್ದೆ, ಬಸ್ಸಾರು, ನೋವಿಲ್ಲ. ಗುರುವಾರ ಒಬ್ಬಟ್ಟು, ತುಪ್ಪ, ರಾತ್ರಿ ಎರಡಕ್ಕೆ ನೋವು, ಬೆನ್ನಿಗೂ ಹಿಡಿಯಿತು." ಬೆಂಗಳೂರಿನ ಡಾಕ್ಟ್ರು ಅದನ್ನು ಎರಡು ಸಲ ಓದಿದರು.

ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ಒಂದು ದಿನವೂ ಕಾಯಬೇಡ. ರಾತ್ರಿಯಾದರೂ ಸರಿ, ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗು.

ನಾನೂ ಜೊತೆಗೆ ಬರುತ್ತೇನೆ. ಸೋಮವಾರ ಬೆಳಗ್ಗೆ ಆರಕ್ಕೆ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ರಕ್ತ ಕೊಡಬೇಕಾಗಬಹುದು, ಖಾಲಿ ಹೊಟ್ಟೆಯಲ್ಲೇ ಬಾ. ತಿಂಡಿ ನಾನು ಕಟ್ಟಿಕೊಂಡು ಬರುತ್ತೇನೆ.

ನಿನ್ನ ದೊಡ್ಡಮ್ಮ