ಎಸ್‌ಟಿ ಬಸ್ಸಿನ ಶಾಸಕ

ಮಾನ್ಯ ಸಂಪಾದಕರೇ,

ಪಕ್ಷಾಂತರದ ಸುದ್ದಿ ಓದಿದಾಗೆಲ್ಲ ನನಗೆ ಗಣಪತರಾವ್ ದೇಶಮುಖ್ ನೆನಪಾಗುತ್ತಾರೆ. ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಸಾಂಗೋಲಾದಿಂದ ಅವರು 11 ಸಲ ಶಾಸಕರಾದರು. ಮೊದಲ ಗೆಲುವು 1962ರಲ್ಲಿ. 1972 ಮತ್ತು 1995ರಲ್ಲಿ ಸೋತರು. ಆದರೆ ಕ್ಷೇತ್ರ ಬಿಡಲಿಲ್ಲ, ಮತ್ತೆ ಗೆದ್ದು ಬಂದರು. ಅವರ ಶೇತ್ಕರಿ ಕಾಮ್‌ಗಾರ್ ಪಕ್ಷ (ಅಂದರೆ ರೈತ-ಕಾರ್ಮಿಕರ ಪಕ್ಷ) ವರ್ಷದಿಂದ ವರ್ಷಕ್ಕೆ ಸೊರಗಿತು. ಅದನ್ನೂ ಬಿಡಲಿಲ್ಲ. ಅಷ್ಟು ಸಲ ಗೆದ್ದವರನ್ನು ದೊಡ್ಡ ಪಕ್ಷಗಳು ಬೇಡ ಅಂತಿದ್ದವಾ?

ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಸಾರಿಗೆ ಬಸ್ಸುಗಳಲ್ಲಿ, ಶಾಸಕರಿಗೆಂದೇ ಸೀಟು ಮೀಸಲಿರುತ್ತದೆ. ಅದರಲ್ಲಿ ಶಾಸಕರು ಕೂರುವುದೇ ಅಪರೂಪ. ದೇಶಮುಖರು ಮಾತ್ರ ಜನರ ಜೊತೆ ಬಸ್ಸಿನಲ್ಲೇ ಓಡಾಡುತ್ತಿದ್ದರು. ಮಂತ್ರಿಯಾಗಿದ್ದವರು ಅಲ್ವಾ ಅವರು! ಬರದ ತಾಲ್ಲೂಕಿಗೆ ಕೃಷ್ಣಾ ನೀರು ಬೇಕೆಂದು ವರ್ಷಗಟ್ಟಲೆ ಹೋರಾಡಿದರು. ವಯಸ್ಸಾಯಿತೆಂದು 2019ರಲ್ಲಿ ತಾವೇ ಹಿಂದೆ ಸರಿದರು. 2021ರ ಜುಲೈನಲ್ಲಿ ತೀರಿಕೊಂಡರು.

ಇಷ್ಟು ಹತ್ತಿರದ ಈ ಮನುಷ್ಯನ ಬಗ್ಗೆ ಕನ್ನಡದ ಓದುಗರಿಗೆ ಗೊತ್ತಿರುವುದು ತೀರಾ ಕಡಿಮೆ. ತಮ್ಮ ಪತ್ರಿಕೆ ಅವರ ಬದುಕಿನ ಬಗ್ಗೆ ಒಂದು ಪೂರ್ತಿ ಪುಟ ಕೊಡಬೇಕು. ನಮ್ಮ ಹೊಸ ಶಾಸಕರಿಗೆ ನಡೆಸುವ ತರಬೇತಿ ಶಿಬಿರದಲ್ಲೂ ಅವರ ಬಗ್ಗೆ ಹೇಳಲಿ.

– ಒಬ್ಬ ಓದುಗ, ಇಂಡಿ