ಅಮರ ಚಿತ್ರ ಕಥೆಯ ಮೊದಲ ಹತ್ತು ಕನ್ನಡದವು

ಮಾನ್ಯ ಸಂಪಾದಕರೇ,

ಭಾರತದ ಕಾಮಿಕ್ಸ್ ಚರಿತ್ರೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಸಂತೋಷವಾಯಿತು. ಆದರೆ ‘1967ರಲ್ಲಿ ಕೃಷ್ಣನ ಕಥೆಯೊಂದಿಗೆ ಅಮರ ಚಿತ್ರ ಕಥೆ ಆರಂಭವಾಯಿತು’ ಎಂಬ ಸಾಲನ್ನು ಮುಂಬಯಿಯ ಕನ್ನಡಿಗರು ಸುಮ್ಮನೆ ಒಪ್ಪಿಕೊಳ್ಳುವಂತಿಲ್ಲ. ‘ಕೃಷ್ಣ’ದ ಹಳೆಯ ಇಂಗ್ಲಿಷ್ ಪ್ರತಿ ಕೈಗೆ ಸಿಕ್ಕರೆ ಅದರ ಸಂಖ್ಯೆ ನೋಡಿ: 11. ಮೊದಲ ಪುಸ್ತಕಕ್ಕೆ ಹನ್ನೊಂದು ಎಂದು ಯಾರೂ ನಂಬರು ಕೊಡುವುದಿಲ್ಲ. ಅದಕ್ಕೂ ಮುಂಚಿನ ಹತ್ತು ಪುಸ್ತಕಗಳು ಕನ್ನಡದವು. ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ 1965ರಲ್ಲಿ ಶುರುವಾದವು. ವಸ್ತುವೇನೋ ನಮ್ಮದಲ್ಲ, ಸಿಂಡರೆಲ್ಲಾ ಮುಂತಾದ ಪಾಶ್ಚಾತ್ಯ ಕಿನ್ನರ ಕಥೆಗಳು. ಭಾಷೆ ಮಾತ್ರ ನಮ್ಮದು.

1967ಕ್ಕೂ ಅದರದೇ ಮಹತ್ವವಿದೆ, ಇಲ್ಲವೆನ್ನುವುದಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ದಿಲ್ಲಿಯ ಅಂಗಡಿಯೊಂದರ ಟೀವಿಯಲ್ಲಿ ಸರಣಿಯ ಸಂಪಾದಕ ಅನಂತ ಪೈ ಅವರು ನೋಡಿದ ಕ್ವಿಜ್ ಪ್ರಸಂಗ ಪ್ರಸಿದ್ಧ. ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರೆಂಬಲ್ಲಿ ತಡವರಿಸಿದರು. ನಮ್ಮ ಪುರಾಣಗಳನ್ನೇ ಚಿತ್ರಕಥೆ ಮಾಡಬೇಕೆಂಬ ಯೋಚನೆ ಗಟ್ಟಿಯಾದದ್ದು ಅಲ್ಲಿ. ಪೈ ಕಾರ್ಕಳದಲ್ಲಿ ಹುಟ್ಟಿ, ಮಾಹಿಮಿನ ಶಾಲೆಯಲ್ಲಿ ಓದಿ, ಮಾಟುಂಗಾದಲ್ಲಿ ರಸಾಯನ ತಂತ್ರಜ್ಞಾನ ಕಲಿತವರು. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಫ್ಯಾಂಟಮ್ ಕಥೆಯೊಂದಿಗೆ ‘ಇಂದ್ರಜಾಲ್ ಕಾಮಿಕ್ಸ್’ ತಂದಾಗಲೂ ಆ ಕೆಲಸದಲ್ಲಿ ಅವರಿದ್ದರು. ಹಾಗಾಗಿ ಒಂದೇ ಇಸವಿ ಹೇಳಬೇಕೆಂದರೆ ತೊಡಕು. ಕಲ್ಪನೆಯ ವರ್ಷ 1967, ಸರಣಿಯ ಒಂದನೇ ನಂಬರಿನ ವರ್ಷ 1965.

ಇದನ್ನು ಈಗ ಎತ್ತಲು ಕಾರಣವಿದೆ. ಮುಂಬಯಿಯ ಹಳೆಯ ಚಾಳುಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ಮನೆ ಖಾಲಿ ಮಾಡುವಾಗ ಅಟ್ಟದ ಕಟ್ಟುಗಳು ಕಿಲೋ ಲೆಕ್ಕದಲ್ಲಿ ರದ್ದಿಗೆ ಬೀಳುತ್ತವೆ. ಕನ್ನಡದ ಆ ಹತ್ತರಲ್ಲಿ ಒಂದು ಅಲ್ಲಿದ್ದರೂ ರದ್ದಿಯವನಿಗೆ ಗೊತ್ತಾಗುವುದಿಲ್ಲ. ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತಿನ ಪುಸ್ತಕದವರಿಗೂ ಕನ್ನಡ ಓದಲು ಬಾರದು. ಗುರುತು ಹಿಡಿಯಬೇಕಾದವರು ಮನೆಯವರೇ.

ಮುದ್ರಣದ ವರ್ಷ ನಮೂದಾಗಿಲ್ಲದಿದ್ದರೆ ಪ್ರಕಾಶಕರ ವಿಳಾಸ ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ‘ಬಾಂಬೆ 400 026’ ಎಂದಿದ್ದರೆ ಪ್ರತಿ ಅದಕ್ಕಿಂತ ಈಚಿನದು. ಬರೀ ‘ಬಾಂಬೆ 26’ ಎಂದು ಹಳೆಯ ಅಂಚೆ ವಲಯದ ಸಂಖ್ಯೆಯಷ್ಟೇ ಇದ್ದರೆ ಹಳೆಯದಿರಬಹುದು, ಆದರೆ ಖಾತ್ರಿಯಿಲ್ಲ. ಹಳೆಯ ಪ್ಲೇಟನ್ನೇ (ಅಚ್ಚಿನ ಫಲಕವನ್ನೇ) ಮರುಮುದ್ರಣಕ್ಕೆ ಬಳಸುವುದುಂಟು. ಬೆಂಗಳೂರಿನ ಮಾರಾಟಗಾರರ ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದೆಂದು ಸಾಮಾನ್ಯವಾಗಿ ನಂಬಬಹುದು. ಸಂಖ್ಯೆಯೊಂದನ್ನೇ ನೆಚ್ಚಿಕೊಂಡರೆ ಮೋಸ ಹೋಗುತ್ತೀರಿ. ಈಚಿನ ಮುದ್ರಣಗಳಲ್ಲಿ ಅದೇ ‘ಕೃಷ್ಣ’ 501 ಆಗಿ ಕೂತಿದ್ದಾನೆ.

ಬಣ್ಣವೂ ಸುಳಿವು ಕೊಡುತ್ತದೆ. ‘ಕೃಷ್ಣ’ ಮೊದಲು ಬಂದಾಗ ಖರ್ಚಿನ ದೆಸೆಯಿಂದ ಪೂರ್ಣ ವರ್ಣದಲ್ಲಿರಲಿಲ್ಲ. ಕಪ್ಪು ಗೆರೆಯ ಒಳಗೆ ಹಳದಿ, ನೀಲಿ, ಹಸಿರು, ಅಷ್ಟೇ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟು ಮುಖವೊಂದನ್ನು ನೋಡಿ. ಕೆನ್ನೆಯಲ್ಲಿ ಕೆಂಪು ಚುಕ್ಕೆಗಳು ಸಾಲುಗಟ್ಟಿದ್ದರೆ ಅದು ಪೂರ್ಣ ವರ್ಣಕ್ಕೆ ಬದಲಾದ ಮೇಲಿನ ಮುದ್ರಣ. ರಾಮ್ ವಾಯೀರ್ಕರ್ ಬರೆದ ಗೆರೆ ಎರಡರಲ್ಲೂ ಇದೆಯಲ್ಲ ಎಂದು ಮೋಸ ಹೋಗಬೇಡಿ.

ಅನುವಾದಿತ ಚಿತ್ರಕಥೆಯ ಪುಟದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮಾತಿನ ಬಲೂನುಗಳನ್ನು ಅಳೆದದ್ದು ಇಂಗ್ಲಿಷಿನ ದೊಡ್ಡಕ್ಷರಕ್ಕೆ. ಅವಕ್ಕೆಲ್ಲ ಒಂದೇ ಎತ್ತರ, ಸಾಲುಗಳನ್ನು ಒತ್ತೊತ್ತಾಗಿ ಪೇರಿಸಬಹುದು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಸಾಲಿನ ಕೆಳಗೆ ಎರಡು ಒತ್ತಿನ ಜಾಗ ಬೇಕು. ಐದು ಸಾಲಿನ ಬಲೂನಿನಲ್ಲಿ ಕನ್ನಡ ಮೂರಕ್ಕೋ ಮೂರೂವರೆಗೋ ನಿಲ್ಲುತ್ತದೆ. ಆಗ ಅನುವಾದಕ ಮಾತು ಕತ್ತರಿಸಬೇಕು, ಇಲ್ಲವೇ ಕೈಬರಹದವನು ಒತ್ತನ್ನು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿಸಬೇಕು. ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಪ್ಲೇಟು; ಬೇರೆ ಭಾಷೆಗೆ ತರುವಾಗ ಬದಲಾಯಿಸುವುದು ಮಾತು, ಗೆರೆಗಳಿರುವ ಕಪ್ಪು ಪ್ಲೇಟನ್ನು ಮಾತ್ರ. ಬಣ್ಣದ ಪ್ಲೇಟುಗಳು ಹಾಗೇ ಉಳಿಯುತ್ತವೆ. ಆದ್ದರಿಂದಲೇ ಬಣ್ಣದಲ್ಲಿ ಬರೆದ ‘ಧಡಾರ್’ ತರಹದ ಸದ್ದುಗಳು ಎಷ್ಟೋ ಅನುವಾದಗಳಲ್ಲಿ ಇಂಗ್ಲಿಷಿನಲ್ಲೇ ಕೂತಿರುತ್ತವೆ. ಇವು ಬರೀ ತಪ್ಪುಗಳೆಂದು ನಗುವವರಿದ್ದಾರೆ. ನಮಗಂತೂ ಆ ಇಕ್ಕಟ್ಟಿನಲ್ಲೂ ಓಡುವ ಕನ್ನಡ ಬರೆದವರ ಮೇಲೆ ಗೌರವ.

ಪ್ರತಿ ಸಿಕ್ಕಿತು ಎನ್ನಿ. ಮುಂಬಯಿಯಲ್ಲಿ ಅದರ ದೊಡ್ಡ ವೈರಿ ಜುಲೈ. ಅಗ್ಗದ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ ಗಾಳಿ ಬೆಳಕಿಗೆ ಆಮ್ಲವಾಗಿ ಪುಟವನ್ನು ಕಂದಿಸುತ್ತದೆ. ಗಾಳಿಯ ತೇವಾಂಶ ಶೇ 80 ದಾಟಿದರೆ ಬೂಷ್ಟು. ಬೆನ್ನಿನ ಸ್ಟೇಪಲ್ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೇ ತಿನ್ನುತ್ತದೆ. ಆ ಪಿನ್ನನ್ನು ಹೊರಗಿನಿಂದ ಎಳೆಯಲೇಬೇಡಿ. ಪುಸ್ತಕದ ನಡುಪುಟ ತೆರೆದು, ಮೊಂಡು ಚಾಕುವಿನ ತುದಿಯಿಂದ ಮಡಚಿದ ಎರಡು ಕಾಲುಗಳನ್ನು ನೆಟ್ಟಗೆ ಮಾಡಿ, ಆಮೇಲೆ ಹಿಂದಿನಿಂದ ಎತ್ತಿ. ಅದೇ ತೂತುಗಳಲ್ಲಿ ಹತ್ತಿಯ ದಾರ ಪೋಣಿಸಿ ಸಡಿಲವಾಗಿ ಕಟ್ಟಿದರೆ ಸಾಕು.

ಸೆಲೋಟೇಪ್ ಮತ್ತು ಲ್ಯಾಮಿನೇಶನ್ ಎರಡೂ ಬೇಡ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಂದು ಎಣ್ಣೆಯಾಗಿ ಒಳಗಿಳಿಯುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ. ಸ್ಟೇಷನರಿ ಅಂಗಡಿಯ ವಾಸನೆ ಬರುವ ಮೆತ್ತನೆ ಪ್ಲಾಸ್ಟಿಕ್ ಹೆಚ್ಚಾಗಿ ಪಿವಿಸಿ. ಅದು ಶಾಯಿಗೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು, ಹಿಂದೆ ಆಮ್ಲರಹಿತ ರಟ್ಟು, ಮಲಗಿಸಿಟ್ಟ ಪೆಟ್ಟಿಗೆ. ಅಷ್ಟೆ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಸಿಲಿಕಾ ಜೆಲ್ ಹಾಕುವುದಾದರೆ ಬಣ್ಣ ಬದಲಾಯಿಸುವ ಜಾತಿಯದು ತನ್ನಿ. ತೇವ ಹೀರಿ ತುಂಬಿದ ಜೆಲ್ ಪೆಟ್ಟಿಗೆಯಲ್ಲಿದ್ದೂ ಒಂದೇ, ಇಲ್ಲದಿದ್ದರೂ ಒಂದೇ.

ಹುಳು ಕಂಡರೆ ಔಷಧಿ ಸಿಂಪಡಿಸಬೇಡಿ. ಜಿಪ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮನೆಯ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಹಗಲು ಒಂದು ರಾತ್ರಿ ಚೀಲ ತೆರೆಯದೆ ಬಿಡಿ. ಆತುರಪಟ್ಟು ತೆರೆದರೆ ಮುಂಬಯಿಯ ಗಾಳಿಯ ನೀರೆಲ್ಲ ತಣ್ಣಗಿನ ಪುಟದ ಮೇಲೆ ಕೂರುತ್ತದೆ.

ಪ್ರತಿಯನ್ನು ಯಾರಿಗೂ ಕೊಡಲು ಮನಸ್ಸಿಲ್ಲದವರು ಸ್ಕ್ಯಾನ್ ಆದರೂ ಮಾಡಿಡಲಿ. 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ), ಚಿತ್ರದ ವಿವರ ಉಳಿಸುವ ಟಿಫ್ ಕಡತ. ಕಡಿಮೆ ರೆಸಲ್ಯೂಶನ್ನಿನಲ್ಲಿ ಮುದ್ರಣದ ಚುಕ್ಕೆಗಳೂ ಸ್ಕ್ಯಾನರಿನ ಗೆರೆಗಳೂ ಒಂದಕ್ಕೊಂದು ಹೊಂದದೆ ಚಿತ್ರದ ಮೇಲೆ ಅಲೆಯಲೆಯಾಗಿ ಜಾಲರಿ ಬೀಳುತ್ತದೆ. ತೆಳು ಕಾಗದವಾದ್ದರಿಂದ ಹಿಂದಿನ ಪುಟ ಮುಂದಕ್ಕೆ ಕಾಣುತ್ತದೆ. ಹಿಂದೆ ಒಂದು ಕಪ್ಪು ಹಾಳೆ ಇಟ್ಟರೆ ಆ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಬೆನ್ನು ಒತ್ತಿ ಚಪ್ಪಟೆ ಮಾಡಬೇಡಿ. ಕಥೆಯ ಪುಟಗಳಷ್ಟನ್ನೇ ಮಾಡಿ ಮುಗಿಸಬೇಡಿ; ಹಿಂಬದಿಯ ಜಾಹೀರಾತು, ಒಳರಕ್ಷಾಪುಟದ ಪುಸ್ತಕ ಪಟ್ಟಿ, ಮುದ್ರಕರ ಸಾಲು ಎಲ್ಲವೂ ಬರಲಿ. ಹತ್ತರಲ್ಲಿ ಒಂದೇ ಸಿಕ್ಕರೂ, ಉಳಿದ ಒಂಬತ್ತರ ಹೆಸರು ಆ ಪಟ್ಟಿಯಲ್ಲಿರುವ ಸಂಭವವಿದೆ.

ಇತಿ,
ಮಾಟುಂಗಾದ ಕೆಲವು ಓದುಗರು, ಮುಂಬಯಿ